ಮನೆಯಲ್ಲೇ ಕೊಲೆಸ್ಟ್ರಾಲ್ ಪರೀಕ್ಷೆ: ಮೀಟರ್ ತೋರಿಸುವ ಅಂಕಿಯನ್ನು ಎಷ್ಟು ನಂಬಬೇಕು?

ಕಲಬುರಗಿಯಲ್ಲಿ ಕೊಲೆಸ್ಟ್ರಾಲ್ ಮೀಟರ್ ಕೊಳ್ಳುವವರು ಮೊದಲು ಯೋಚಿಸಬೇಕಾದದ್ದು ಬಿಸಿಲಿನ ಬಗ್ಗೆ. ಬೆರಳಿನ ರಕ್ತ ಹೀರುವ ಸ್ಟ್ರಿಪ್‌ನಲ್ಲಿ ಕಿಣ್ವಗಳಿರುತ್ತವೆ. ಅವು ಕೊಲೆಸ್ಟ್ರಾಲ್‌ನೊಂದಿಗೆ ವರ್ತಿಸಿದಾಗ ಮೂಡುವ ಬಣ್ಣದ ಗಾಢತೆಯನ್ನು ಅನೇಕ ಮೀಟರ್‌ಗಳು ಅಳೆಯುತ್ತವೆ. ಕಿಣ್ವ ಕೆಟ್ಟರೆ ಎಷ್ಟೇ ದುಬಾರಿ ಮೀಟರ್ ತಂದರೂ ಅಂಕಿ ತಪ್ಪೇ. ಬಹಳಷ್ಟು ಸ್ಟ್ರಿಪ್ ಡಬ್ಬಿಗಳ ಮೇಲೆ 30 ಡಿಗ್ರಿಯೊಳಗೆ ಇಡಬೇಕೆಂಬ ಸೂಚನೆ ಇರುತ್ತದೆ. ನಮ್ಮ ಮೇ ತಿಂಗಳು 42 ದಾಟುತ್ತದೆ. ಬೈಕಿನ ಡಿಕ್ಕಿ, ತಗಡಿನ ಮಾಡಿನ ಕೋಣೆ ಎರಡೂ ಬೇಡ. ಮುಚ್ಚಳ ಬಿಗಿಯಾಗಿರಲಿ, ಅವಧಿ ಮುಗಿದಿರದಿರಲಿ. ಕೋಡ್ ಚಿಪ್ ಇರುವ ಮೀಟರ್ ಆದರೆ ಡಬ್ಬಿಯ ಜೊತೆ ಬಂದ ಚಿಪ್ಪನ್ನೇ ಹಾಕಿ.

ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಕೂಡ ತಿಳಿಯಬೇಕಿದ್ದರೆ 9ರಿಂದ 12 ಗಂಟೆ ಉಪವಾಸ ರೂಢಿ. ರಾತ್ರಿ 8ಕ್ಕೆ ರೊಟ್ಟಿ ಊಟ ಮುಗಿಸಿ, ಬೆಳಗ್ಗೆ 7ಕ್ಕೆ ಪರೀಕ್ಷಿಸಿಕೊಂಡರೆ ಸರಿ. ನೀರು ಕುಡಿಯಬಹುದು. ಕೆರೆ ದಂಡೆಯ ವಾಯುವಿಹಾರ ಮುಗಿಸಿ ಬಂದ ಕೂಡಲೇ ಚುಚ್ಚಿಸಿಕೊಳ್ಳಬೇಡಿ, ಕನಿಷ್ಠ ಐದು ನಿಮಿಷ ಕುಳಿತಿರಿ.

ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ಕೈಗೆ ಹಚ್ಚುವ ಕ್ರೀಮಿನಲ್ಲಿ ಗ್ಲಿಸರಿನ್ ಇದ್ದರೆ ಟ್ರೈಗ್ಲಿಸರೈಡ್ ಸುಳ್ಳೇ ಏರುತ್ತದೆ. ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಮೊದಲ ಹನಿಯನ್ನು ಒರೆಸಿ, ಎರಡನೆಯದನ್ನು ಸ್ಟ್ರಿಪ್‌ಗೆ ಮುಟ್ಟಿಸಿ. ಹಿಂಡಬಾರದು, ಹಿಂಡಿದರೆ ಅಂಗಾಂಶದ ದ್ರವ ಬೆರೆತು ರಕ್ತ ತೆಳುವಾಗುತ್ತದೆ. ಉಚಿತ ತಪಾಸಣಾ ಶಿಬಿರಗಳ ಗಡಿಬಿಡಿಯಲ್ಲಿ ಕೆಡುವುದು ಹೆಚ್ಚಾಗಿ ಇಲ್ಲೇ ಎಂಬುದು ನನ್ನ ಅನುಮಾನ.

ಈಗ ಅಂಕಿಯ ಮಾತು. ಒಟ್ಟು ಕೊಲೆಸ್ಟ್ರಾಲ್ ಅಳತೆಯಲ್ಲಿ ಶೇ 8.9ರವರೆಗಿನ ಒಟ್ಟು ದೋಷವನ್ನು ಅಮೆರಿಕದ ರಾಷ್ಟ್ರೀಯ ಕೊಲೆಸ್ಟ್ರಾಲ್ ಶಿಕ್ಷಣ ಕಾರ್ಯಕ್ರಮ ಒಪ್ಪಿತ್ತು. ಅಂದರೆ ನಿಜವಾಗಿ 200 (ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕ) ಇರುವವರಿಗೆ ಮೀಟರ್ 183 ಎಂದರೂ 217 ಎಂದರೂ ಅದು ‘ಪಾಸ್’! ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್‌ನ ಕಥೆ ಇನ್ನೂ ಸೂಕ್ಷ್ಮ. ಬಹುತೇಕ ಮೀಟರ್‌ಗಳು ಅದನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) ಅನ್ನೂ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತವೆ. ಒಟ್ಟು 210, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150 ಇದ್ದರೆ ಎಲ್‌ಡಿಎಲ್ 140. ಮೀಟರ್ ಒಟ್ಟನ್ನು 195, ಎಚ್‌ಡಿಎಲ್ ಅನ್ನು 45 ಎಂದು ಓದಿದರೆ ಅದು 120ಕ್ಕೆ ಇಳಿಯುತ್ತದೆ. ಎರಡು ಸಣ್ಣ ತಪ್ಪು ಸೇರಿ ಇಪ್ಪತ್ತರ ಅಂತರ. ಟ್ರೈಗ್ಲಿಸರೈಡ್ 400 ದಾಟಿದರಂತೂ ಈ ಲೆಕ್ಕವೇ ನಡೆಯದು.

ಆದ್ದರಿಂದ ನಿಮ್ಮ ಮೀಟರನ್ನು ಒಮ್ಮೆ ತಾಳೆ ನೋಡಿ. ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ಗೆ ಅದನ್ನೂ ಒಯ್ಯಿರಿ. ರಕ್ತನಾಳದಿಂದ ರಕ್ತ ತೆಗೆದ ಕೆಲವೇ ನಿಮಿಷಗಳಲ್ಲಿ ಬೆರಳಿನ ಪರೀಕ್ಷೆ ಮಾಡಿಕೊಂಡು ಎರಡೂ ಅಂಕಿಗಳನ್ನು ಬರೆದಿಡಿ. ಮುಂದಿನ ಲ್ಯಾಬ್ ಪರೀಕ್ಷೆಯಲ್ಲೂ ಹೀಗೇ ಮಾಡಿ. ಪ್ರತಿ ಬಾರಿ ಒಂದೇ ಬದಿಗೆ, ಹೆಚ್ಚೂಕಡಿಮೆ ಅಷ್ಟೇ ವ್ಯತ್ಯಾಸ ಬಂದರೆ ಏರಿಳಿತ ಗಮನಿಸಲು ಮೀಟರ್ ಸಾಕು. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾರುತ್ತಿದ್ದರೆ ಮೊದಲು ಹೊಸ ಸ್ಟ್ರಿಪ್ ಡಬ್ಬಿಯಿಂದ ಪರೀಕ್ಷಿಸಿ. ರಕ್ತಹೀನತೆ ಇರುವವರು ವೈದ್ಯರಿಗೆ ಅದನ್ನೂ ತಿಳಿಸಬೇಕು. ಕೆಂಪು ಕಣಗಳ ಪ್ರಮಾಣ ಬದಲಾದರೆ ಅಂಕಿಯೂ ವಾಲುತ್ತದೆ. ಲ್ಯಾಬ್ ವರದಿ ನೋಡಿ ವೈದ್ಯರು ಹೇಳುವವರೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಹೆಚ್ಚಿಸುವುದೂ ಬೇಡ, ಬಿಡುವುದೂ ಬೇಡ.