ರೇಸಿಂಗ್ ಕ್ರೋನೋಗ್ರಾಫ್‌ನ ಡಯಲ್ ಪರೀಕ್ಷಿಸುವ ಬಗೆ

ಮೋಟಾರು ರೇಸಿನ ಹೆಸರಿನಲ್ಲಿ ಸೀಮಿತ ಸಂಖ್ಯೆಯಲ್ಲಿ ಹೊರಬರುವ ಕ್ರೋನೋಗ್ರಾಫ್ ಕೈಗಡಿಯಾರವನ್ನು ಕೈಗೆತ್ತಿಕೊಂಡಾಗ ಕಣ್ಣು ಮೊದಲು ಹೋಗುವುದು ಬಣ್ಣದ ಪಟ್ಟೆಗಳ ಮೇಲೆ ಮತ್ತು ತಂಡದ ಲಾಂಛನದ ಮೇಲೆ. ಅವೆರಡನ್ನೂ ಕೊನೆಗೆ ನೋಡುವುದು ಒಳ್ಳೆಯದು. ಕ್ರೋನೋಗ್ರಾಫ್ ಕಳೆದ ಕಾಲವನ್ನು ಅಳೆಯುವ ಉಪಕರಣವಾದ್ದರಿಂದ, ಅದರ ಡಯಲ್ ಆ ಅಳತೆಯನ್ನು ಎಷ್ಟು ಬೇಗ ಮತ್ತು ಎಷ್ಟು ಸರಿಯಾಗಿ ಓದಿಸುತ್ತದೆ ಎಂಬುದು ತೀರ್ಮಾನವಾದ ಮೇಲೆಯೇ ಅಲಂಕಾರದ ಮಾತು ಬರಬೇಕು.

ಹಾಗಾಗಿ ಪರೀಕ್ಷೆಯನ್ನು ಡಯಲ್‌ನ ಅಂಚಿನಲ್ಲಿರುವ ಸೆಕೆಂಡಿನ ಗೆರೆಗಳಿಂದ ಆರಂಭಿಸಿ. ಎರಡು ಸೆಕೆಂಡುಗಳ ನಡುವಿನ ಅಂತರವನ್ನು ಎಷ್ಟು ಭಾಗ ಮಾಡಿದ್ದಾರೆ ಎಂದು ಭೂತಗನ್ನಡಿಯಲ್ಲಿ ಎಣಿಸಿ, ಒಳಗಿನ ಯಂತ್ರದ ಬಡಿತದೊಡನೆ ಹೋಲಿಸಿರಿ. ಗಂಟೆಗೆ 18,000 ಬಾರಿ ಬಡಿಯುವ ಹಳೆಯ ಯಂತ್ರಗಳಲ್ಲಿ ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಇಡುತ್ತದೆ. ಆದ್ದರಿಂದ ಐದು ಭಾಗಗಳ ವಿಂಗಡಣೆ ಅಲ್ಲಿ ಸರಿಯಾಗಿಯೇ ಇದೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ 28,800 ಬಡಿತದ ಯಂತ್ರದಲ್ಲಿ ಸೆಕೆಂಡಿಗೆ ಎಂಟು ಹೆಜ್ಜೆಗಳಿರುವುದರಿಂದ ಕಾಲು ಸೆಕೆಂಡಿನ ಗೆರೆಗಳು ಹೊಂದುತ್ತವೆ. ಅಂಥ ಯಂತ್ರದ ಮೇಲೆ ಐದು ಭಾಗದ ಗೆರೆಗಳನ್ನು ಮುದ್ರಿಸಿದರೆ, ನಿಲ್ಲಿಸಿದ ಮುಳ್ಳು ಬಹಳಷ್ಟು ಬಾರಿ ಎರಡು ಗೆರೆಗಳ ನಡುವೆ ಎಲ್ಲೋ ನಿಲ್ಲುತ್ತದೆ. ಹಳೆಯ ಮಾದರಿಯ ನೆನಪಿಗಾಗಿ ಹಾಗೆ ಮಾಡಿದ್ದೇವೆ ಎಂದು ತಯಾರಕರು ಹೇಳಬಹುದು. ಆದರೆ ಅದು ಓದಲಿಕ್ಕಾಗಿ ಮಾಡಿದ ವಿನ್ಯಾಸವಲ್ಲ.

ಅಳತೆಪಟ್ಟಿಯ ಜಾಗವೂ ಮುಖ್ಯ. 1963ರಲ್ಲಿ ಹೊಯರ್ ಗಡಿಯಾರ ಕಂಪನಿಯ ಜ್ಯಾಕ್ ಹೊಯರ್, ಮೆಕ್ಸಿಕೋದ ಕರೇರಾ ಪಾನಮೆರಿಕಾನಾ ಓಟದ ಹೆಸರಿನಿಂದ ಕರೇರಾ ಗಡಿಯಾರವನ್ನು ತಂದಾಗ, ಗಾಜನ್ನು ಒಳಗಿನಿಂದ ಬಿಗಿಹಿಡಿಯುವ ಉಕ್ಕಿನ ಬಳೆಯ ಮೇಲೆಯೇ ಸೆಕೆಂಡಿನ ಗೆರೆಗಳನ್ನು ಮುದ್ರಿಸಿ ಡಯಲ್‌ನ ಮುಖವನ್ನು ಖಾಲಿ ಉಳಿಸಿಕೊಂಡರು. ಕೇವಲ 36 ಮಿಲಿಮೀಟರಿನ ಆ ಗಡಿಯಾರ ಇಂದಿನ 44 ಮಿಲಿಮೀಟರಿನ ಹಲವು ಗಡಿಯಾರಗಳಿಗಿಂತ ಸುಲಭವಾಗಿ ಓದಿಸಿಕೊಳ್ಳಲು ಇದೇ ಕಾರಣ. ಒಮೆಗಾ ಸ್ಪೀಡ್‌ಮಾಸ್ಟರ್ 1957ರಲ್ಲಿಯೂ ರೋಲೆಕ್ಸ್ ಡೇಟೋನಾ 1963ರಲ್ಲಿಯೂ ಟ್ಯಾಕಿಮೀಟರನ್ನು, ಅಂದರೆ ಕಳೆದ ಸೆಕೆಂಡುಗಳಿಂದ ವೇಗವನ್ನು ಓದಿಸುವ ಅಳತೆಪಟ್ಟಿಯನ್ನು, ಡಯಲ್‌ನಿಂದ ಗಾಜಿನ ಸುತ್ತಲಿನ ಹೊರಬಳೆಯಾದ ಬೆಜೆಲ್‌ಗೆ ಸಾಗಿಸಿ ಅದೇ ಲಾಭವನ್ನು ಬೇರೆ ದಾರಿಯಲ್ಲಿ ಪಡೆದವು.

ಟ್ಯಾಕಿಮೀಟರ್ ಇದ್ದರೆ ಅದನ್ನು ಲೆಕ್ಕ ಹಾಕಿ ನೋಡಬೇಕು. 3600ನ್ನು ಒಂದು ಕಿಲೋಮೀಟರಿಗೆ ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಯ ವೇಗ ಸಿಗುತ್ತದೆ. ಆ ಪ್ರಕಾರ 120ರ ಗೆರೆ 30ನೇ ಸೆಕೆಂಡಿಗೆ, 100ರ ಗೆರೆ 36ನೇ ಸೆಕೆಂಡಿಗೆ, 80ರ ಗೆರೆ 45ನೇ ಸೆಕೆಂಡಿಗೆ ನೇರವಾಗಿ ಎದುರಾಗಬೇಕು. ನಡುವಿನ ಮುಳ್ಳಿನ ತುದಿ ಸೆಕೆಂಡಿನ ಗೆರೆಯನ್ನು ಮುಟ್ಟುತ್ತದೆಯೇ ಎಂದೂ ಗಮನಿಸಿರಿ. ತುದಿ ಎರಡು ಮಿಲಿಮೀಟರ್ ಮೊದಲೇ ಮುಗಿದುಹೋಗುವ ಗಡಿಯಾರದಲ್ಲಿ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಅಳತೆ ಅಂದಾಜಾಗಿಯೇ ಉಳಿಯುತ್ತದೆ.

ಅನಂತರ ಸಣ್ಣ ಡಯಲ್‌ಗಳು, ಅಂದರೆ ಸೆಕೆಂಡು, ನಿಮಿಷ, ಗಂಟೆಗಳನ್ನು ಎಣಿಸುವ ಪುಟ್ಟ ವೃತ್ತಗಳು. ಹಲವು ಕ್ರೋನೋಗ್ರಾಫ್‌ಗಳಲ್ಲಿ ಬಳಸುವ ವಾಲ್ಜೂ 7750 ಯಂತ್ರದ ವ್ಯಾಸ 30 ಮಿಲಿಮೀಟರ್. ಅದನ್ನು ತೀರ ದೊಡ್ಡ ಕೇಸಿನಲ್ಲಿ ಕೂರಿಸಿದಾಗ 6, 9 ಮತ್ತು 12ರ ಕಡೆಯ ಮೂರೂ ವೃತ್ತಗಳು ಮಧ್ಯಕ್ಕೆ ಒತ್ತಿಕೊಂಡು, ಹೊರಗೆ ಅಗಲವಾದ ಖಾಲಿ ಪಟ್ಟಿ ಉಳಿಯುತ್ತದೆ. ಯಂತ್ರಕ್ಕೂ ಕೇಸಿಗೂ ಹೊಂದಿಕೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಗಂಟೆಯ ಅಂಕಿಗಳನ್ನು ವೃತ್ತಗಳು ಅರ್ಧಕ್ಕೆ ಕತ್ತರಿಸಿರುವುದು, ನಾಲ್ಕು ಮತ್ತು ಐದರ ನಡುವೆ ತಾರೀಖಿನ ಕಿಟಕಿಯನ್ನು ಓರೆಯಾಗಿ ಕೊರೆದಿರುವುದು ನನ್ನ ದೃಷ್ಟಿಯಲ್ಲಿ ದೋಷಗಳೇ. ಜಾಹೀರಾತಿನ ಚಿತ್ರಗಳಲ್ಲಿ ಮುಳ್ಳುಗಳು ಸಾಮಾನ್ಯವಾಗಿ ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿರುತ್ತವೆ, ಏಕೆಂದರೆ ಆಗ ಹೆಚ್ಚಿನದೆಲ್ಲ ಬಯಲಾಗಿ ಕಾಣುತ್ತದೆ. ನಿಮಿಷ ಎಣಿಸುವ ವೃತ್ತ 3ರ ಕಡೆಗಿದ್ದರೆ, ಅಂಗಡಿಯಲ್ಲಿ ಒಂಬತ್ತೂಕಾಲು ಗಂಟೆಗೆ ಮುಳ್ಳು ತಿರುಗಿಸಿಕೊಡುವಂತೆ ಕೇಳಿ, ಆ ವೃತ್ತ ಮುಚ್ಚಿಹೋಗುತ್ತದೆಯೇ ಎಂದು ಪರಿಶೀಲಿಸಿರಿ.

ಬಿಳಿಯ ಮೇಲೆ ಕಪ್ಪು ವೃತ್ತಗಳ ‘ಪಾಂಡಾ’ ವಿನ್ಯಾಸ ಇಷ್ಟು ಕಾಲ ಬಾಳಿರುವುದು ಅದು ಚೆಲುವಾಗಿದೆ ಎಂಬ ಕಾರಣಕ್ಕೆ ಮಾತ್ರವಲ್ಲ. ಗಂಟೆ ಎಲ್ಲಿ, ಎಣಿಕೆ ಎಲ್ಲಿ ಎಂಬುದನ್ನು ಕಣ್ಣು ಹುಡುಕದೆಯೇ ಬೇರ್ಪಡಿಸಿಕೊಳ್ಳುತ್ತದೆ. ಕಪ್ಪು ಡಯಲ್‌ನ ಮೇಲಿನ ಕೆಂಪು ಮುಳ್ಳು ಅಂಗಡಿಯ ಪ್ರಖರ ದೀಪದಲ್ಲಿ ಎದ್ದು ಕಾಣುತ್ತದೆ, ಮಬ್ಬು ಬೆಳಕಿನಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಬಾಗಿಲಿನ ಬಳಿ ಹಗಲು ಬೆಳಕಿನಲ್ಲಿ ಒಮ್ಮೆ, ಕೈಯ ನೆರಳಿನಲ್ಲಿ ಒಮ್ಮೆ ನೋಡಿರಿ.

ಇಷ್ಟಾದ ಮೇಲೆ ರೇಸಿನ ವಿಷಯಕ್ಕೆ ಬರಬಹುದು. ಇಟಲಿಯ ಕೆಂಪು, ಬ್ರಿಟನ್ನಿನ ಹಸಿರು, ಫ್ರಾನ್ಸಿನ ನೀಲಿ, ಜರ್ಮನಿಯ ಬೆಳ್ಳಿಬಣ್ಣ ಇವು ಕಾರುಗಳ ಮೈಮೇಲೆ ದೇಶವನ್ನು ಸೂಚಿಸುತ್ತಿದ್ದವು. ತಿಳಿನೀಲಿಯ ಮೇಲೆ ಕಿತ್ತಳೆ ಪಟ್ಟೆಯ, ಗಲ್ಫ್ ತೈಲ ಕಂಪನಿಯ ಬಣ್ಣದಲ್ಲಿ ಫೋರ್ಡ್ ಜಿಟಿ40 ಕಾರುಗಳು 1968 ಮತ್ತು 1969ರ ಲೆ ಮಾನ್ 24 ಗಂಟೆಗಳ ಓಟವನ್ನು ಗೆದ್ದವು. ಈ ಇತಿಹಾಸಕ್ಕೆ ನಿಜವಾದ ಸಂಬಂಧವಿರುವ ಬಣ್ಣ ಡಯಲ್‌ನ ಕೆಲಸಕ್ಕೂ ನೆರವಾದರೆ, ಅಂದರೆ ಕಿತ್ತಳೆ ಬಣ್ಣ ಕ್ರೋನೋಗ್ರಾಫಿನ ಮುಳ್ಳುಗಳಿಗೆ ಮಾತ್ರ ಮೀಸಲಾದರೆ, ಅದು ಉತ್ತಮ ವಿನ್ಯಾಸ. ಪಟ್ಟೆಗಳು ಎಣಿಕೆಯ ವೃತ್ತದ ಮೇಲೆಯೇ ಹಾದುಹೋಗಿ ಗೆರೆಗಳನ್ನು ಅಳಿಸಿದರೆ ಅದು ಕೇವಲ ಸ್ಟಿಕ್ಕರ್. ಬ್ರೆಶಾದಿಂದ ರೋಮ್‌ಗೆ ಹೋಗಿ ಮರಳುತ್ತಿದ್ದ ಮಿಲ್ಲೆ ಮಿಲಿಯಾ ಓಟದ ಹೆಸರಿನಲ್ಲಿ ಶೋಪಾರ್ 1988ರಿಂದ ತರುತ್ತಿರುವ ಗಡಿಯಾರಗಳಲ್ಲಿ ಓಟದ ಕೆಂಪು ಬಾಣದ ಗುರುತು ಚಿಕ್ಕದಾಗಿರುವಷ್ಟೂ ನನಗೆ ಹಿಡಿಸುತ್ತದೆ.

ಸೀಮಿತ ಆವೃತ್ತಿಯ ವಿಷಯದಲ್ಲಿ ಅದೇ ತಯಾರಕರ ಸಾಮಾನ್ಯ ಮಾದರಿಯನ್ನು ಪಕ್ಕದಲ್ಲಿಟ್ಟು, ಬದಲಾದದ್ದು ಏನೆಂದು ಕೇಳಿಕೊಳ್ಳಿ. ಬಣ್ಣ ಮತ್ತು ಲಾಂಛನ ಮಾತ್ರ ಬದಲಾಗಿದ್ದರೆ ಹೆಚ್ಚುವರಿ ಬೆಲೆ ಡಯಲ್‌ನದ್ದಲ್ಲ, ಹಿಂಬದಿಯ ಮುಚ್ಚಳದಲ್ಲಿ ಕೆತ್ತಿದ ಸಂಖ್ಯೆಯದ್ದು.

ಹಳೆಯ ಗಡಿಯಾರ ಕೊಳ್ಳುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಅಮೆರಿಕದ ಚಿತ್ರನಟ, ರೇಸ್ ಚಾಲಕ ಪಾಲ್ ನ್ಯೂಮನ್ ಧರಿಸುತ್ತಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ಅವರ ಹೆಸರಿನಿಂದಲೇ ಕರೆಯುವ ಆ ಬಗೆಯ ಡಯಲ್‌ನಲ್ಲಿ ಸಣ್ಣ ವೃತ್ತಗಳ ಗೆರೆಗಳ ತುದಿಗೆ ಪುಟ್ಟ ಚೌಕಗಳಿರುತ್ತವೆ, ಹೊರ ಅಂಚಿನ ಸೆಕೆಂಡಿನ ಪಟ್ಟಿ ಒಂದು ಮೆಟ್ಟಿಲಿನಷ್ಟು ಕೆಳಗಿರುತ್ತದೆ, ಮತ್ತು ಸೆಕೆಂಡಿನ ಸಣ್ಣ ವೃತ್ತದಲ್ಲಿ ಸಾಮಾನ್ಯ ಡೇಟೋನಾದ 20, 40, 60ರ ಬದಲು 15, 30, 45, 60 ಎಂಬ ಅಂಕಿಗಳಿರುತ್ತವೆ. ಬೆಲೆಯ ಬಹುಪಾಲು ಈ ಒಂದು ತೆಳು ತಗಡಿನಲ್ಲಿಯೇ ಇರುವುದರಿಂದ ಸಾಮಾನ್ಯ ಗಡಿಯಾರಕ್ಕೆ ನಕಲಿ ಡಯಲ್ ಕೂರಿಸಿ ಮಾರುವವರಿದ್ದಾರೆ. ಮುದ್ರಣದ ಅಂಚು ಹರಡಿದ್ದರೆ ಅಥವಾ ಮೆಟ್ಟಿಲನ್ನು ಬರಿಯ ಬಣ್ಣದಿಂದ ತೋರಿಸಿದ್ದರೆ ಮುಂದಿನ ಮಾತುಕತೆ ಬೇಡ.