ಬಾಣಂತನಕ್ಕೆ ಹೊರಟವರ ಮುದಿ ನಾಯಿ

ಊರು ಬಿಟ್ಟು ಹೋಗುವವರ ಮುದಿ ನಾಯಿಗಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಮನೆಗೆ ಬರುವ ನಾಯಿಗಳಲ್ಲಿ ಅರ್ಧಕ್ಕರ್ಧ ಬಾಣಂತನದ ಗಿರಾಕಿಗಳು. ನಾಯಿಯ ಬಾಣಂತನವಲ್ಲ. ಮಗಳಿಗೆ ಅಮೆರಿಕದಲ್ಲಿ ಹೆರಿಗೆ, ಜಯನಗರದ ಅಜ್ಜ-ಅಜ್ಜಿ ಚಟ್ನಿಪುಡಿ, ಲೇಹ್ಯ ಕಟ್ಟಿಕೊಂಡು ಆರು ತಿಂಗಳಿಗೆ ವಿಮಾನ ಹತ್ತುತ್ತಾರೆ. ಆ ಮಗಳು ಪಿಯುಸಿ ಓದುವಾಗ ಹಟ ಮಾಡಿ ತರಿಸಿಕೊಂಡ ಪಾಮೆರೇನಿಯನ್‌ಗೆ ಈಗ ಹದಿಮೂರು ವರ್ಷ. ಕಣ್ಣು ಮಂಜು, ಹಲ್ಲು ಅರ್ಧ ಇಲ್ಲ, ದಿನಕ್ಕೆ ಮೂರು ಮಾತ್ರೆ. ವಯಸ್ಸು ಕೇಳಿದ ಕೂಡಲೇ ನಾಯಿಗಳನ್ನು ಇಟ್ಟುಕೊಳ್ಳುವ ಕೆನಲ್‌ನವರು "ಜಾಗ ಇಲ್ಲ ಸಾರ್" ಅಂದುಬಿಡುತ್ತಾರೆ. ಅವರದೂ ತಪ್ಪಲ್ಲ ಬಿಡಿ. ಲ್ಯಾಬ್ರಡಾರ್‌ಗಳ ಗಲಾಟೆಯಲ್ಲಿ ನಾಲ್ಕು ಕೆಜಿಯ ಮುದುಕಿಯನ್ನು ಯಾರು ನೋಡಿಕೊಳ್ಳುತ್ತಾರೆ?

ನಾನು ಒಂದು ಸಲಕ್ಕೆ ಮೂರೇ ಇಟ್ಟುಕೊಳ್ಳುವುದು. ಶುರು ಮಾಡಿದಾಗ ಮೊದಲ ಖರ್ಚು ಹಾಸಿಗೆಯದ್ದೂ ಅಲ್ಲ, ಬೋನಿನದ್ದೂ ಅಲ್ಲ, ನೆಲದ್ದು. ಫಳಫಳ ಹೊಳೆಯುವ ಟೈಲ್ಸ್ ಮೇಲೆ ಮುದಿ ನಾಯಿಯ ಹಿಂಗಾಲು ಎರಡು ಕಡೆಗೆ ಜಾರುತ್ತದೆ. ಒಮ್ಮೆ ಜಾರಿದ ನಾಯಿ ಆಮೇಲೆ ನೀರಿನ ಬಟ್ಟಲಿನವರೆಗೂ ನಡೆಯಲು ಹೆದರುತ್ತದೆ. ಹಾಲ್‌ನಿಂದ ಹಿತ್ತಲಿನವರೆಗೆ ರಬ್ಬರ್ ಮ್ಯಾಟ್ ಹಾಸಿದೆ. ಮನೆ ಜಿಮ್ಮಿನ ಹಾಗೆ ಕಾಣುತ್ತದೆ ಅಂತ ನಮ್ಮತ್ತೆಗೆ ಇವತ್ತಿಗೂ ಬೇಜಾರು.

ಬರುವಾಗ ಹೊಸ ಹಾಸಿಗೆ ತರಬೇಡಿ, ಒಗೆಯದ ಹಳೇ ಬೆಡ್‌ಶೀಟ್ ತನ್ನಿ ಅನ್ನುತ್ತೇನೆ. ಕಣ್ಣು ಕಿವಿ ಹೋದ ನಾಯಿಗೆ ಮನೆ ಅಂದರೆ ವಾಸನೆ. ಊಟವೂ ಅಷ್ಟೇ, ಮೊಸರನ್ನ ತಿಂದು ಬೆಳೆದದ್ದಕ್ಕೆ ಮೊಸರನ್ನವೇ. ಥಟ್ಟನೆ ಬದಲಾಯಿಸಿದರೆ ಭೇದಿ ಗ್ಯಾರಂಟಿ. ಈರುಳ್ಳಿ ಹಾಕಿದ ಹುಳಿ ಮಾತ್ರ ಎಷ್ಟು ಅಭ್ಯಾಸವಿದ್ದರೂ ಕೊಡುವುದಿಲ್ಲ, ಅದು ನಾಯಿಯ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ಈರುಳ್ಳಿ ತಿನ್ನದ ಮನೆಯ ನಾಯಿಗಳು ಈ ವಿಷಯದಲ್ಲಿ ಪುಣ್ಯ ಮಾಡಿವೆ.

ಔಷಧಿಯಲ್ಲಿ ನಾನು ಯಾರ ಬಾಯಿಮಾತೂ ನಂಬುವುದಿಲ್ಲ. ಒಬ್ಬ ಹುಡುಗ ಸಕ್ಕರೆ ಕಾಯಿಲೆಯ ಡ್ಯಾಶ್‌ಹುಂಡ್ ಬಿಟ್ಟು ಹೋಗಲು ಬಂದಿದ್ದ. "ಬೆಳಿಗ್ಗೆ ನಾಲ್ಕು, ರಾತ್ರಿ ನಾಲ್ಕು ಯೂನಿಟ್ ಆಂಟಿ, ಅಷ್ಟೇ" ಅಂದ. ಇನ್ಸುಲಿನ್ ಬಾಟಲಿ ತಿರುಗಿಸಿ ಓದಿದೆ: ಒಂದು ಎಂ.ಎಲ್.ಗೆ 100 ಯೂನಿಟ್. ಸಿರಿಂಜ್ ನೋಡಿದರೆ ಕೆಂಪು ಮುಚ್ಚಳದ್ದು, ಅಂದರೆ ಎಂ.ಎಲ್.ಗೆ 40 ಯೂನಿಟ್ ಇರುವ ಔಷಧಿಗೆ ಮಾಡಿದ್ದು. 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು ಬೇಕು. ಇದರಲ್ಲಿ ನಾಲ್ಕರ ಗೆರೆಗೆ ಎಳೆದರೆ ಹತ್ತು ಯೂನಿಟ್ ಹೋಗುತ್ತದೆ. ಏಳು ಕೆಜಿ ನಾಯಿಗೆ! ಮನೆಯಲ್ಲಿದ್ದ ಸಿರಿಂಜ್ ಖಾಲಿಯಾಗಿತ್ತಂತೆ, ದಾರಿಯಲ್ಲಿ ಮೆಡಿಕಲ್ ಸ್ಟೋರ್‌ನಲ್ಲಿ ಕೊಟ್ಟದ್ದನ್ನು ತಂದಿದ್ದ. ಹುಡುಗ ಬೆವೆತುಹೋದ. ಅವತ್ತಿನಿಂದ ಎರಡು ಬಗೆಯ ಸಿರಿಂಜೂ ನನ್ನ ಡಬ್ಬಿಯಲ್ಲಿವೆ. ಫ್ರಿಜ್ ಪಕ್ಕದಲ್ಲೇ ಜೇನುತುಪ್ಪವೂ ಇದೆ, ಸಕ್ಕರೆ ಇಳಿದು ನಾಯಿ ತೂರಾಡಿದರೆ ವಸಡಿಗೆ ಸವರುವುದಕ್ಕೆ. ಊಟ ಬಿಟ್ಟ ನಾಯಿಗಂತೂ ಡಾಕ್ಟರನ್ನು ಕೇಳದೆ ಸೂಜಿ ಮುಟ್ಟಿಸುವುದಿಲ್ಲ.

ನಾನೂ ತಪ್ಪು ಮಾಡಿದ್ದೇನೆ. ಮೊದಲ ವರ್ಷ ಅರಳುಮರಳಾದ ಒಂದು ಲಾಸಾ ತಳಿಯ ನಾಯಿ ಬಂದಿತ್ತು. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಸುತ್ತು. ಸುತ್ತಿ ಸುಸ್ತಾಗಿ ಮಲಗುತ್ತದೆ ಅಂತ ನಾನು ಮಲಗಿಬಿಟ್ಟೆ. ಮೂರು ಗಂಟೆಗೆ ಎದ್ದರೆ ಅದು ಬೀರುವಿಗೂ ಗೋಡೆಗೂ ನಡುವೆ ತಲೆ ತೂರಿಸಿಕೊಂಡು ನಿಂತಿದೆ. ಅದಕ್ಕೆ ಹಿಂದೆ ಬರಲು ತಿಳಿಯುವುದಿಲ್ಲ, ಬೊಗಳಲೂ ಇಲ್ಲ. ಎಷ್ಟು ಹೊತ್ತಿನಿಂದ ಹಾಗಿತ್ತೋ, ಕಾಲು ನಡುಗುತ್ತಿತ್ತು. ಮರುದಿನವೇ ಮನೆಯ ಎಲ್ಲ ಸಂದುಗೂ ಹಳೇ ದಿಂಬು ತುರುಕಿದೆ. ಈಗ ಒಂದು ರಾತ್ರಿ ಪರೀಕ್ಷೆಗೆ ಉಳಿಸಿಕೊಳ್ಳದೆ ಯಾವ ನಾಯಿಯನ್ನೂ ಒಪ್ಪುವುದಿಲ್ಲ.

ಹದಿಮೂರು ವರ್ಷದ ಪಾಮೆರೇನಿಯನ್ ಅಂದೆನಲ್ಲ, ಅದರ ಹೆಸರು ಪಿಂಕಿ. ಹೃದಯದ ಕವಾಟ ಸೋರುತ್ತಿತ್ತು, ಸಣ್ಣ ತಳಿಗಳಿಗೆ ಮುಪ್ಪಿನಲ್ಲಿ ಇದು ಮಾಮೂಲು. ಇಂಥ ನಾಯಿ ಗಾಢ ನಿದ್ದೆಯಲ್ಲಿರುವಾಗ ಉಸಿರು ಎಣಿಸಬೇಕು, ನಿಮಿಷಕ್ಕೆ 30ರ ಒಳಗಿದ್ದರೆ ಸರಿ. ದಿನಾ ರಾತ್ರಿ ಹತ್ತಕ್ಕೆ ಪಕ್ಕದಲ್ಲಿ ಕೂತು ಎಣಿಸಿ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ.

ಬಿಟ್ಟುಹೋಗುವ ದಿನ ಒಂದು ಮಾತು ಕೇಳಲೇಬೇಕು, ಕೇಳುವಾಗಲೆಲ್ಲ ಗಂಟಲು ಕಟ್ಟುತ್ತದೆ. ನೀವಿಲ್ಲದಾಗ ಅದಕ್ಕೆ ಕೈಮೀರಿದರೆ ಏನು ಮಾಡಲಿ? ಅಜ್ಜಿ ಎದ್ದು ಬಾಲ್ಕನಿಗೆ ಹೋದರು. ಬ್ಯಾಂಕಿನಿಂದ ನಿವೃತ್ತರಾದ ಅಜ್ಜ ಕಾಗದ ಎಳೆದುಕೊಂಡು ಯಾವ ಡಾಕ್ಟರು, ಎಷ್ಟು ಖರ್ಚಿನವರೆಗೆ ಕೇಳದೆ ಮಾಡಬಹುದು, ಎಲ್ಲ ಬರೆದು ಸಹಿ ಹಾಕಿದರು. "ನರಳಿಸಬೇಡಿಮ್ಮ. ನಾವು ಬರೋವರೆಗೂ ಕಾಯಿಸಬೇಡಿ" ಅಂದರು.

ವಿಡಿಯೋ ಕಾಲ್ ಬೇಡ ಅಂತ ನಾನೇ ಹೇಳಿದ್ದೆ. ದನಿ ಕೇಳಿದ ಪಿಂಕಿ ಮೊದಲ ವಾರ ಸಂಜೆಯೆಲ್ಲ ಬಾಗಿಲು ಮೂಸುತ್ತ ಕೂತಿತ್ತು. ಬದಲಿಗೆ ನಾನೇ ವಿಡಿಯೋ ಮಾಡಿ ಕಳಿಸುತ್ತಿದ್ದೆ.

ಐದನೇ ತಿಂಗಳಲ್ಲಿ ಎಣಿಕೆ 24, 26, 25 ಅಂತ ಹೋಗುತ್ತಿದ್ದದ್ದು ಒಂದು ರಾತ್ರಿ 38ಕ್ಕೆ ಏರಿತು. ಮರುದಿನ ಕತ್ತಲಾಗುವ ಹೊತ್ತಿಗೆ ಕೂತಲ್ಲೇ ಏದುಸಿರು. ಶ್ವಾಸಕೋಶದಲ್ಲಿ ನೀರು. 38 ನೋಡಿದ ರಾತ್ರಿಯೇ ಫೋನ್ ಮಾಡಬೇಕಿತ್ತು, ಬೆಳಗಾಗಲಿ ಅಂದುಕೊಂಡೆ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ನೀರಿಳಿಸುವ ಇಂಜೆಕ್ಷನ್ ಹಾಕಿದರು. ಅಲ್ಲಿ ಬೆಳಗಿನ ಹೊತ್ತು, ಅಜ್ಜ ಮೊದಲ ರಿಂಗಿಗೇ ಫೋನ್ ಎತ್ತಿದರು. ಪಿಂಕಿ ಮೂರನೇ ದಿನ ಮನೆಗೆ ಬಂತು.

ಅವರು ವಾಪಸಾದಾಗ ಅಜ್ಜಿ ನಾಯಿಯನ್ನು ಮಡಿಲಿಗೆ ಹಾಕಿಕೊಂಡು ಕೂತರು. ಅಜ್ಜ ನೋಟ್‌ಬುಕ್ ಕೇಳಿದರು. ಲೆಡ್ಜರ್ ನೋಡುವ ಹಾಗೆ ಅಂಕಿಗಳ ಸಾಲಿನ ಮೇಲೆ ಬೆರಳು ಇಳಿಸುತ್ತ ಬಂದು ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ಎರಡು ದಿನ ಖಾಲಿ ಇದೆಯಲ್ಲಮ್ಮ?"

"ಅವತ್ತು ಆಸ್ಪತ್ರೇಲಿದ್ವಿ ಸಾರ್."

ಅವರು ಜೇಬಿನಿಂದ ಪೆನ್ನು ತೆಗೆದು, ಆ ಎರಡು ಖಾಲಿ ಸಾಲಿಗೂ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಚಿಕ್ಕದಾಗಿ ಸಹಿ ಹಾಕಿದರು.