ಮೂರೇ ಹೆಸರು, ಒಂದು ನೋಟ್‌ಬುಕ್

"ಹೆಸರು ಕಡಿಮೆ ಮಾಡಿದರೆ ಪ್ರಾರ್ಥನೆ ಜಾಸ್ತಿ ಆಗುತ್ತದೆ" ಎಂದು, ಯಾರಿಗಾಗಿ ಪ್ರಾರ್ಥಿಸುತ್ತೇವೋ ಅವರ ಪಟ್ಟಿಯ ಬಗ್ಗೆ ನಾನು ಚರ್ಚಿನ ಪ್ರಾರ್ಥನಾ ಗುಂಪಿನಲ್ಲಿ ಹೇಳಿದಾಗ ಮೂರು ನಾಲ್ಕು ಜನ ನಕ್ಕರು. ಹಿರಿಯರೊಬ್ಬರು, "ತಮ್ಮಾ, ಸೋಮಾರಿತನಕ್ಕೆ ಬೈಬಲ್ ವಚನ ಹುಡುಕಬೇಡ" ಅಂದರು. ಅದಾಗಿ ನಾಲ್ಕು ವರ್ಷ. ಹೋದ ತಿಂಗಳು ಅದೇ ಹಿರಿಯರು ಫೋನ್ ಮಾಡಿ, "ಆ ಮೂರು ಹೆಸರಿನದು ಹೇಗೆ ಮಾಡ್ತೀಯ, ಸ್ವಲ್ಪ ಹೇಳು" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪೂರ್ತಿ ಅಲ್ಲ. ಒಂದೆರಡು ವಿಷಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ದೇವರನ್ನು ಹೊಗಳುವ ಸ್ತೋತ್ರ, ತಪ್ಪೊಪ್ಪಿಕೊಳ್ಳುವ ಅರಿಕೆ, ಬೇರೆಯವರಿಗಾಗಿ ಬೇಡುವ ವಿಜ್ಞಾಪನೆ ಇವೆಲ್ಲ ನಿಮಗೆ ಗೊತ್ತು. ಹಾಗಾಗಿ ನೇರವಾಗಿ ನನ್ನ ಸೋಲುಗಳಿಗೆ ಬರುತ್ತೇನೆ.

ಆಗ ನನ್ನ ಪಟ್ಟಿಯಲ್ಲಿ ಸುಮಾರು 140 ಹೆಸರಿದ್ದವು. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯಾರೇ ಕೈ ಹಿಡಿದು "ನಮಗೋಸ್ಕರ ಪ್ರಾರ್ಥಿಸಿ" ಅಂದರೂ ಬರೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಅಷ್ಟನ್ನೂ ಮುಗಿಸಬೇಕು. ಒಂದು ದಿನ ಸುಮ್ನೆ ಲೆಕ್ಕ ಹಾಕಿದೆ. ಒಬ್ಬೊಬ್ಬರಿಗೆ ಹನ್ನೆರಡು ಹದಿಮೂರು ಸೆಕೆಂಡು ಬಂತು. ಹಾಜರಿ ಕರೆಯೋದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ, ಅಲ್ವಾ? ಪಟ್ಟಿಯಲ್ಲಿದ್ದ ಒಬ್ಬರು ತೀರಿಹೋಗಿ ಎರಡು ತಿಂಗಳಾದರೂ ನಾನು ಅವರ ಮಂಡಿ ನೋವಿಗೆ ಪ್ರಾರ್ಥಿಸುತ್ತಲೇ ಇದ್ದೆ. ಗೊತ್ತಾದ ದಿನ ನಾಚಿಕೆಯಿಂದ ಪಟ್ಟಿಯನ್ನೇ ಹರಿದು ಹಾಕಿದೆ.

ಸಮಯ ಸಾಲುತ್ತಿಲ್ಲ ಅಂತ ನನಗೆ ಅನಿಸಿತು. ಬೆಳಗಿನ ಮೂರು ಗಂಟೆಗೆ ಏಳಲು ಶುರು ಮಾಡಿದೆ. ಯೇಸು ಸೆರೆಸಿಕ್ಕ ರಾತ್ರಿ ಗೆತ್ಸೇಮನೆ ತೋಟದಲ್ಲಿ ಅವನ ಶಿಷ್ಯರು ಒಂದು ಗಂಟೆ ಎಚ್ಚರವಾಗಿರಲಿಲ್ಲ ಎಂದು ಎಷ್ಟು ಸಲ ಅವರನ್ನು ಬೈದುಕೊಂಡಿದ್ದೆನೋ! ನಾನು ಇಪ್ಪತ್ತು ನಿಮಿಷಕ್ಕೇ ಮೊಣಕಾಲ ಮೇಲೆ ನಿದ್ದೆ ಹೋಗುತ್ತಿದ್ದೆ. ಕೆನ್ನೆ ಮೇಲೆ ಮಂಚದ ಅಂಚಿನ ಗೆರೆ ಮೂಡಿರುತ್ತಿತ್ತು. ಅದನ್ನೇ ಭಕ್ತಿಯ ಗುರುತು ಅಂದುಕೊಂಡು ಒಳಗೊಳಗೇ ಖುಷಿಪಟ್ಟಿದ್ದೂ ಉಂಟು.

ಆಮೇಲೆ ಉಪವಾಸ. ವಾರಕ್ಕೆ ಎರಡು ದಿನದಂತೆ ಹತ್ತು ಹನ್ನೊಂದು ವಾರ ಮಾಡಿದೆ. ಉಪವಾಸದ ದಿನಗಳಲ್ಲಿ ಮನೆಯಲ್ಲಿ ಜಗಳ ಜಾಸ್ತಿ ಆಯಿತು. ಒಂದು ದಿನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ನಿಮ್ಮ ಪ್ರಾರ್ಥನೆ ಮುಗಿಯೋವರೆಗೂ ಈ ಮನೇಲಿ ಯಾರೂ ಉಸಿರಾಡಬಾರದಾ?" ಅಂದಳು. ಮಗು ಏನನ್ನೋ ಬೀಳಿಸಿತ್ತು, ನಾನು ಕೂಗಾಡಿದ್ದೆ. ಅಂದು ಸಂಜೆ ಬೈಬಲ್‌ನಲ್ಲಿ ಯೆಶಾಯನ ಪುಸ್ತಕದ 58ನೇ ಅಧ್ಯಾಯ ಓದಿದೆ. ಜಗಳ ಆಡುತ್ತಾ, ಗುದ್ದಾಡುತ್ತಾ ಉಪವಾಸ ಮಾಡುವವರ ಮಾತು ಅಲ್ಲೇ ಇದೆ. ಸ್ವಲ್ಪ ಕೆಳಗೆ ಹಸಿದವರಿಗೆ ನಿನ್ನ ಅನ್ನ ಹಂಚು ಅಂತಲೂ ಇದೆ. ಹಾಗಾದರೆ ನಾನು ಬಿಟ್ಟ ಊಟ ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ. ನಮ್ಮ ಮನೆಯ ಖರ್ಚೇ ಅಷ್ಟು ಉಳಿದಿತ್ತು.

ಅಂದಿನಿಂದ ಬಿಟ್ಟ ಊಟದ ದುಡ್ಡನ್ನು ಒಂದು ಡಬ್ಬಿಗೆ ಹಾಕಲು ಶುರು ಮಾಡಿದೆ. ನನ್ನ ವಿಧಾನ ಹುಟ್ಟಿದ್ದು ಆ ಡಬ್ಬಿಯಿಂದ.

ವಿಧಾನ ಇಷ್ಟೇ. ನೋಟ್‌ಬುಕ್ಕಿನಲ್ಲಿ ಮೂರು ಹೆಸರು. ಒಂದು ಮನೆಯೊಳಗಿನದು, ಒಂದು ಹೊರಗೆ ಕಷ್ಟದಲ್ಲಿರುವವರದು, ಮೂರನೆಯದು ನನಗೆ ನೋವು ಕೊಟ್ಟವರದು. ಪ್ರತಿ ಹೆಸರಿಗೂ ಎರಡು ಪುಟ. ಎಡಗಡೆ ದೇವರಲ್ಲಿ ಏನು ಕೇಳಿದೆ ಅಂತ, ಬಲಗಡೆ ಅದೇ ವಿಷಯಕ್ಕೆ ನಾನೇನು ಮಾಡಿದೆ ಅಂತ ಬರೆಯಬೇಕು. ಬಲಗಡೆ ಪುಟ ಏಳು ದಿನ ಖಾಲಿ ಇದ್ದರೆ ಎಂಟನೆಯ ದಿನ ಆ ಹೆಸರಿಗೆ ಏನೂ ಕೇಳುವಂತಿಲ್ಲ. ಕ್ಷಮೆ ಮಾತ್ರ ಕೇಳಬೇಕು.

ಇದಕ್ಕೆ ಗುಂಪಿನಲ್ಲಿ ತಕರಾರು ಬಂತು. "ಕ್ರಿಯೆ ತೋರಿಸಿ ದೇವರನ್ನು ಒಲಿಸಿಕೊಳ್ಳೋಕೆ ಹೊರಟಿದ್ದೀಯ, ಇದು ಕೃಪೆ ಅಲ್ಲ" ಅಂದರು. ವಾದ ಮಾಡಲು ಹೋಗಲಿಲ್ಲ. ಬಟ್ಟೆ, ಊಟ ಇಲ್ಲದವನಿಗೆ "ಸಮಾಧಾನದಿಂದ ಹೋಗು" ಅಂದು ಕಳಿಸುವವನ ವಿಷಯ ಬೈಬಲ್‌ನ ಯಾಕೋಬನ ಪತ್ರಿಕೆಯಲ್ಲಿದೆ. ನಾನು ಅದನ್ನೇ ಮೊಣಕಾಲೂರಿ ಹೇಳುತ್ತಿದ್ದೆ, ಅಷ್ಟೇ ವ್ಯತ್ಯಾಸ. ಇನ್ನೊಂದು ವಿಷಯ ಓದುವಾಗ ಸಿಕ್ಕಿತು. ಯೇಸುವಿನ ಶಿಷ್ಯ ಪೇತ್ರ ಸೆರೆಮನೆಯಲ್ಲಿದ್ದಾಗ ಸಭೆ ಮಾಡಿದ ಪ್ರಾರ್ಥನೆಗೆ ಮೂಲದ ಗ್ರೀಕಿನಲ್ಲಿ ಬಳಸಿದ ಪದದ ಬೇರು, ಅದೇ ಪೇತ್ರ ತನ್ನ ಮೊದಲ ಪತ್ರಿಕೆಯಲ್ಲಿ ಪ್ರೀತಿಗೆ ಬಳಸಿದ ಪದದ ಬೇರು, ಎರಡೂ ಒಂದೇ. ಎಕ್ಟೆನೆಸ್. ಚಾಚಿದ್ದು, ಎಳೆದು ಹಿಗ್ಗಿಸಿದ್ದು ಅಂತ ಅರ್ಥ. ಕೈ ಚಾಚದೆ ಪ್ರಾರ್ಥನೆ ಚಾಚೋದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಗ್ರೀಕ್ ಬಲ್ಲವರು ತಿದ್ದಬಹುದು.

ಎರಡನೆಯ ಹೆಸರಿನಲ್ಲಿ ಮೊದಲು ಬಂದದ್ದು ಸಹೋದ್ಯೋಗಿಯೊಬ್ಬಳ ತಾಯಿ. ಕಾಯಿಲೆ ಜೋರಾಗಿತ್ತು. "ಗುಣಮಾಡು ಕರ್ತನೇ" ಎಂದು ಏಳು ದಿನ ಕೇಳಿದೆ. ಬಲಗಡೆ ಪುಟ ಖಾಲಿ. ಕೊನೆಗೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ನಾನು ಕೂರುತ್ತೇನೆ, ನೀನು ಮನೆಗೆ ಹೋಗಿ ಮಲಗು ಅಂದೆ. ರಾತ್ರಿಯೆಲ್ಲ ಆ ತಾಯಿಯ ತುಟಿ ಒಣಗುತ್ತಿತ್ತು. ನೀರು ಕುಡಿಸುವಂತಿಲ್ಲ. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಬೇಕು, ಕಾಲು ಗಂಟೆಗೊಮ್ಮೆ. ಮೊದಲೆರಡು ಸಲ ಹತ್ತಿಯಲ್ಲಿ ನೀರು ಜಾಸ್ತಿಯಾಗಿ ಅವರಿಗೆ ಕೆಮ್ಮು ಬಂತು. ಆಮೇಲೆ ಹಿಂಡೋದು ಕಲಿತೆ. ಮಾರನೆಯ ದಿನದಿಂದ ನನ್ನ ಪ್ರಾರ್ಥನೆಯೇ ಬೇರೆಯಾಯಿತು. "ಇವತ್ತು ರಾತ್ರಿ ಎರಡು ಗಂಟೆ ನಿದ್ದೆ ಕೊಡು. ತುಟಿ ಒಡೆಯದಿರಲಿ. ಮಗಳಿಗೆ ಸಿಟ್ಟು ಬರದಿರಲಿ." ಇಷ್ಟು ಚಿಕ್ಕದಾಗಿ, ಇಷ್ಟು ಖಚಿತವಾಗಿ ನಾನು ಅದುವರೆಗೆ ಏನನ್ನೂ ಕೇಳಿರಲಿಲ್ಲ. ಅಳು ತಾನಾಗಿಯೇ ಬಂತು. ಆ ತಾಯಿ ಉಳಿಯಲಿಲ್ಲ. ಇದನ್ನು ಮುಚ್ಚಿಟ್ಟು ಸಾಕ್ಷಿ ಹೇಳುವವನಲ್ಲ ನಾನು.

ದುಡ್ಡಿನ ವಿಷಯದಲ್ಲಿ ಚೆನ್ನಾಗಿಯೇ ಪೆಟ್ಟು ತಿಂದೆ. ಮೊದಲ ವರ್ಷ ಪ್ರಾರ್ಥನೆಯ ಪಟ್ಟಿಯಲ್ಲಿದ್ದ ಇಬ್ಬರಿಗೆ ಸಾಲ ಕೊಟ್ಟೆ. ಸುಮಾರು ಎರಡು ತಿಂಗಳ ಸಂಬಳ. ವಾಪಸ್ ಬರಲಿಲ್ಲ. ಹೋದರೆ ಹೋಗಲಿ, ತೊಂದರೆ ಅದಲ್ಲ. ಆ ಇಬ್ಬರ ಹೆಸರು ಬಂದಾಗಲೆಲ್ಲ ಪ್ರಾರ್ಥನೆ ವಸೂಲಿಯ ಕಡೆಗೆ ತಿರುಗುತ್ತಿತ್ತು. "ಕರ್ತನೇ, ಅವನಿಗೆ ಒಳ್ಳೆಯ ಕೆಲಸ ಕೊಡು" ಅನ್ನುವಾಗ ಅವನ ಮೊದಲ ಸಂಬಳ ನನ್ನ ಕಣ್ಣ ಮುಂದೆ ಬರುತ್ತಿತ್ತು. ಈಗ ಸಾಲ ಕೊಡುವುದೇ ಇಲ್ಲ. ಕೊಟ್ಟರೆ ಕೊಟ್ಟದ್ದೇ. ದಶಮಾಂಶ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು, ಎಂದಿನಂತೆ ಸಭೆಗೆ, ಅದರ ಮೇಲೆ ನೂರಕ್ಕೆ ನಾಲ್ಕೋ ಐದೋ ಈ ಡಬ್ಬಿಗೆ. ಡಬ್ಬಿ ಖಾಲಿಯಾದರೆ ಆ ತಿಂಗಳು ದುಡ್ಡಿಲ್ಲದ ಕೆಲಸಗಳು: ರಾತ್ರಿ ಕಾವಲು, ಮಕ್ಕಳಿಗೆ ಪಾಠ, ಅರ್ಜಿ ತುಂಬಿಕೊಡುವುದು. ನಿಜ ಹೇಳಬೇಕೆಂದರೆ ಆ ತಿಂಗಳುಗಳೇ ಚೆನ್ನಾಗಿದ್ದವು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ ಮೊರಾವಿಯನ್ ಪಂಥದ ಕ್ರೈಸ್ತರು 1727ರಲ್ಲಿ 24 ಗಂಡಸರು, 24 ಹೆಂಗಸರು ಗಂಟೆಗಳನ್ನು ಹಂಚಿಕೊಂಡು ಹಗಲು ರಾತ್ರಿ ಪ್ರಾರ್ಥನೆ ಶುರು ಮಾಡಿದರು, ಅದು ನೂರು ವರ್ಷ ನಡೆಯಿತು ಅನ್ನುತ್ತಾರೆ. ನಾವೂ ಮಾಡಿದೆವು. ನಮ್ಮದು ಒಂಬತ್ತು ದಿನ ನಡೆಯಿತು. ರಾತ್ರಿ ಎರಡರಿಂದ ಮೂರರ ಸರದಿ ಯಾರಿಗೂ ಬೇಡವಾಗಿತ್ತು. ಇನ್ನೊಮ್ಮೆ ಜಾರ್ಜ್ ಮುಲ್ಲರ್ ಹಾಗೆ ಇರೋಣ ಅನಿಸಿತು. ಅವರು 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯ ತೆರೆದು, ಯಾರ ಹತ್ತಿರವೂ ಕೈ ಚಾಚದೆ, ದೇವರನ್ನು ಮಾತ್ರ ಕೇಳಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಾಕಿದವರು. ಮೂರು ತಿಂಗಳು ನನ್ನ ಕೊರತೆಯನ್ನು ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿದೆ. ಎರಡನೆಯ ತಿಂಗಳೇ ಹೆಂಡತಿಯ ಉಳಿತಾಯಕ್ಕೆ ಕೈ ಹಾಕಿದೆ. ಅಲ್ಲಿಗೆ ಮುಗಿಯಿತು. ಆದರೆ ಮುಲ್ಲರ್ ಲೆಕ್ಕ ಬರೆದಿಡುವುದರಲ್ಲಿ ಬಲು ಕಟ್ಟುನಿಟ್ಟು. ನನ್ನ ನೋಟ್‌ಬುಕ್ ನೋಡಿ ನಕ್ಕವರಿಗೆ ಇದನ್ನು ಹೇಳಲು ಮರೆಯಲಿಲ್ಲ.

ಇನ್ನು ಮೂರನೆಯ ಹೆಸರು.

ಎಂಟು ವರ್ಷದ ಹಿಂದೆ ನನ್ನ ಜೊತೆ ಸೇರಿ ಒಂದು ಸಣ್ಣ ವ್ಯವಹಾರ ಮಾಡಿದ್ದವನು. ನನಗಿಂತ ಚಿಕ್ಕವನು. ನನ್ನ ಐದು ತಿಂಗಳ ದುಡಿಮೆಯಷ್ಟು ದುಡ್ಡು ತೆಗೆದುಕೊಂಡು ಮಾತು ಬಿಟ್ಟ. ಮೊದಲ ನಲವತ್ತು ದಿನ ಅವನ ಹೆಸರು ಹೇಳಿದ ಮೇಲೆ ಮುಂದೆ ಮಾತು ಬರುತ್ತಿರಲಿಲ್ಲ. ಬೈಬಲ್‌ನ ಕೀರ್ತನೆ 109 ಮಾತ್ರ ನಿರರ್ಗಳವಾಗಿ ಬರುತ್ತಿತ್ತು, ಅದೂ ಶಾಪದ ಭಾಗ. ಬಲಗಡೆ ಪುಟ ಆರು ವಾರ ಖಾಲಿ. ಅಲ್ಲಿ ಬರೆದ ಮೊದಲ ಸಾಲು ಇದು: "ಇವತ್ತು ಒಬ್ಬರು ಅವನನ್ನು ಬೈದರು. ನಾನು ದನಿಗೂಡಿಸಲಿಲ್ಲ." ಅಷ್ಟೇ. ಅದನ್ನು ಬರೆಯಲೂ ನನಗೆ ಕಷ್ಟವಾಯಿತು. ಆಮೇಲೆ ಅವನು ಕೆಲಸ ಹುಡುಕುತ್ತಿದ್ದಾನೆ ಅಂತ ಗೊತ್ತಾಗಿ, ಒಂದು ಕಡೆ ಅವನ ಹೆಸರು ಹೇಳಿದೆ. ಲೆಕ್ಕದ ಪುಸ್ತಕದಲ್ಲಿ "ಬರಬೇಕಾದ್ದು" ಅಂತ ಇದ್ದ ಸಾಲಿಗೆ ಗೆರೆ ಎಳೆಯಲು ಒಂದೂವರೆ ವರ್ಷ ಬೇಕಾಯಿತು. ಇವೆರಡರ ನಡುವೆ ಅವನಿಗಾಗಿ ಇನ್ನೊಂದು ಕೆಲಸ ಮಾಡಿದೆ. ಅದನ್ನು ಬರೆಯುವುದಿಲ್ಲ. ಅವನ ಕಷ್ಟ ಅವನನ್ನು ಕೇಳದೆ ಹೇಗೆ ತಿಳಿದುಕೊಂಡೆ ಅನ್ನುವುದನ್ನೂ ಬರೆಯುವುದಿಲ್ಲ. ಎಡಗೈಗೆ ಗೊತ್ತಾಗಬಾರದ್ದು ಓದುವವರಿಗೆ ಯಾಕೆ ಗೊತ್ತಾಗಬೇಕು? ಇಷ್ಟು ಹೇಳಿದ್ದೇ ಜಾಸ್ತಿ ಆಯಿತು.

ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ಕಥೆ ನೆನಪಿದೆಯಲ್ಲ? ಹದಿನಾರು ಜನ ಸಿಪಾಯಿಗಳ ಕಾವಲಿನಿಂದ ತಪ್ಪಿಸಿಕೊಂಡು ಪೇತ್ರ ಬಂದು ಬಾಗಿಲು ತಟ್ಟುತ್ತಾನೆ. ಮನೆಯ ದಾಸಿ ರೋದೆ ಓಡಿಹೋಗಿ ಹೇಳಿದರೆ, ಒಳಗೆ ಪ್ರಾರ್ಥಿಸುತ್ತಿದ್ದವರೇ "ನಿನಗೆ ಹುಚ್ಚು" ಅನ್ನುತ್ತಾರೆ. ಈ ಭಾಗ ಬಂದಾಗಲೆಲ್ಲ ನಗುತ್ತಿದ್ದೆ. ಮೂರು ತಿಂಗಳ ಹಿಂದೆ ಹೆಂಡತಿ ಒಳಗೆ ಬಂದು, "ರೀ, ಅವರು ಬಂದಿದ್ದಾರೆ" ಅಂದಳು. "ಅವನು ಯಾಕೆ ಬರ್ತಾನೆ, ಬೇರೆ ಯಾರೋ ಇರಬೇಕು, ಸರಿಯಾಗಿ ನೋಡು" ಅಂದೆ. ಅರ್ಧ ಗಂಟೆ ಮುಂಚೆ ಅವನ ಹೆಸರು ಹಿಡಿದೇ ಮೊಣಕಾಲೂರಿದ್ದೆ.

ಬಂದವನು ಕ್ಷಮೆ ಕೇಳಲಿಲ್ಲ. ದುಡ್ಡಿನ ಮಾತೂ ಎತ್ತಲಿಲ್ಲ. "ಅಣ್ಣಾ, ಅಲ್ಲಿ ನನ್ನ ಹೆಸರು ಹೇಳಿದ್ದು ನೀವಂತೆ" ಅಂದ. ಹೂಂ ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಮಗಳಿಗೆ ಹುಷಾರಿಲ್ಲ, ಪ್ರಾರ್ಥನೆ ಮಾಡಿ ಅಂದ. ನೋಟ್‌ಬುಕ್ ತೆಗೆದೆ. ಅವನ ಹೆಸರಿನ ಪುಟ ಅವನಿಗೆ ಕಾಣದ ಹಾಗೆ ಅಂಗೈ ಅಡ್ಡ ಇಟ್ಟು, ಹಿಂದಿನ ಖಾಲಿ ಹಾಳೆಗೆ ತಿರುಗಿಸಿದೆ. ಪೆನ್ ಸಿಗಲಿಲ್ಲ. ಅವನೇ ಜೇಬಿನಿಂದ ತೆಗೆದು ಕೊಟ್ಟ. ಮಗಳ ಹೆಸರು ಬರೆದುಕೊಂಡೆ. ಬಲಗಡೆ ಪುಟದ ಮೇಲೆ ತಾರೀಖು ಹಾಕಿ, "ಯಾವ ಆಸ್ಪತ್ರೆ? ರಾತ್ರಿ ಯಾರು ಕೂರ್ತಾರೆ?" ಎಂದು ಕೇಳಿದೆ.